ಚರ್ಮದ ಪರೀಕ್ಷೆ ನೆಗೆಟಿವ್: ಮೊದಲು ಹಿಸ್ಟಮಿನ್ ಸಾಲು ನೋಡಿ

ಧೂಳಿಗೆ ಸಾಲು ಸಾಲು ಸೀನು ಬಂದರೂ ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಎಲ್ಲವೂ ನೆಗೆಟಿವ್ ಅಂದಿದ್ದೀರಿ. ದಿನಾ ಅಲರ್ಜಿ ಮಾತ್ರೆ ಸೆಟ್ರಿಜಿನ್ ತಗೊಳ್ಳುತ್ತೀರಿ ಅಲ್ವಾ, ಬಹುಶಃ ಅದೇ ಕಾರಣ. ನನ್ನ ಮಗಳಿಗೂ ಹೀಗೇ ಆಗಿತ್ತು.

ಅಲರ್ಜಿ ಇರುವವರ ಚರ್ಮದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿಕೊಂಡಿರುವ ಮಾಸ್ಟ್ ಕೋಶಗಳ ಮೇಲೆ ಐಜಿಇ (IgE) ಎಂಬ ಪ್ರತಿಕಾಯ ಕೂತಿರುತ್ತದೆ. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ವಿಜ್ಞಾನಿಗಳಾದ ಇಶಿಜಾಕಾ ದಂಪತಿ ಈ ಐಜಿಇಯನ್ನು ಪತ್ತೆ ಮಾಡಿದ್ದೂ ಚರ್ಮದ ಮೇಲೆ ಏಳುವ ದದ್ದನ್ನು ನೋಡಿಕೊಂಡೇ. ಅಲರ್ಜಿ ತರುವ ವಸ್ತು ಆ ಐಜಿಇಗೆ ತಗುಲಿದರೆ ಹಿಸ್ಟಮಿನ್ ಹೊರಬಂದು ದದ್ದು ಏಳುತ್ತದೆ. ಸೆಟ್ರಿಜಿನ್ ತಡೆಯುವುದು ಆ ಹಿಸ್ಟಮಿನ್ ಕೆಲಸವನ್ನೇ.

ಮೊದಲು ರಿಪೋರ್ಟಿನಲ್ಲಿ ‘ಹಿಸ್ಟಮಿನ್’ ಅಥವಾ ‘ಪಾಸಿಟಿವ್ ಕಂಟ್ರೋಲ್’ ಸಾಲು ನೋಡಿ. ಪರೀಕ್ಷೆ ಸರಿಯಾಗಿದೆಯೇ ಎಂದು ತಿಳಿಯಲು ಚರ್ಮಕ್ಕೆ ನೇರವಾಗಿ ಹಿಸ್ಟಮಿನ್ನನ್ನೇ ಚುಚ್ಚಿರುತ್ತಾರೆ, ಅದರ ಫಲ ಈ ಸಾಲಿನಲ್ಲಿರುತ್ತದೆ. ಅಲ್ಲಿ ಕನಿಷ್ಠ 3 ಮಿಲಿಮೀಟರ್ ದದ್ದು ಇರಬೇಕು. ಇಲ್ಲದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ, ದುಡ್ಡು ಕೊಟ್ಟಿದ್ದರೂ ಸರಿ.

ಆಮೇಲೆ ಡಾಕ್ಟರನ್ನು ಕೇಳಿ, ಸುಮಾರು ಒಂದು ವಾರ ಸೆಟ್ರಿಜಿನ್ ಬಿಟ್ಟು ಮತ್ತೆ ಮಾಡಿಸಿ. ನೆಗಡಿ ಸಿರಪ್ಪಿನಲ್ಲೂ ಇಂಥ ಔಷಧಿ ಇರುತ್ತದೆ, ಲೇಬಲ್ ಓದಿ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಅಡ್ಡ ಬರುತ್ತದೆ, ಆದರೆ ಅದನ್ನು ನೀವಾಗಿ ನಿಲ್ಲಿಸಲೇಬೇಡಿ.

ಮಾತ್ರೆ ಬಿಟ್ಟರೆ ತಡೆಯಲಾಗದು ಅಂದರೆ, ಧೂಳಿನ ಹುಳಕ್ಕೆ ‘ಸ್ಪೆಸಿಫಿಕ್ ಐಜಿಇ’ ರಕ್ತಪರೀಕ್ಷೆ ಮಾಡಿಸಿ. ಅದಕ್ಕೆ ಮಾತ್ರೆ ಅಡ್ಡಿಯಿಲ್ಲ.

ಹಿಸ್ಟಮಿನ್ ದದ್ದು ಸರಿಯಾಗಿಯೇ ಎದ್ದಿದ್ದರೆ ನನ್ನ ಊಹೆ ತಪ್ಪು. ಕೆಲವರಿಗೆ ಮೂಗಿನೊಳಗೆ ಮಾತ್ರ ಅಲರ್ಜಿ ಇರುತ್ತದೆ. ಆಗ ಇಎನ್‌ಟಿ ಡಾಕ್ಟರಿಗೆ ತೋರಿಸಿ.