ಓದುಗರ ಪ್ರಶ್ನೆ, ನಮ್ಮ ಉತ್ತರ: ಐಸ್ ಬಾಕ್ಸಿನಲ್ಲಿ ಬೆಲ್ಜಿಯನ್ ಟ್ರಿಪೆಲ್

ಪ್ರಶ್ನೆ: ಮಾನ್ಯರೇ, ಕೆಲಸದ ನಿಮಿತ್ತ ಆರು ವರ್ಷಗಳಿಂದ ಅಮೆರಿಕದ ಪೋರ್ಟ್‌ಲೆಂಡಿನಲ್ಲಿದ್ದೇನೆ. ಕಳೆದ ವರ್ಷ ಬೆಲ್ಜಿಯಂ ಪ್ರವಾಸದಲ್ಲಿ ವೆಸ್ಟ್‌ಮಾಲೆ ಮಠದ ಟ್ರಿಪೆಲ್ ಕುಡಿದಾಗಿನಿಂದ ಅಂಥದೇ ಸ್ಟ್ರಾಂಗ್ ಏಲನ್ನು (ಏಲ್ ಒಂದು ಬಗೆಯ ಬಿಯರ್) ಮನೆಯಲ್ಲಿ ತಯಾರಿಸುವ ಆಸೆ ಹುಟ್ಟಿದೆ. ಸಿದ್ಧ ಸಲಕರಣೆಗಳು ಬಹಳ ದುಬಾರಿ. ಪ್ಲಾಸ್ಟಿಕ್ ಐಸ್ ಬಾಕ್ಸ್, ದೊಡ್ಡ ಸ್ಟೀಲ್ ಪಾತ್ರೆ, ತಾಮ್ರದ ಕೊಳವೆ ಇವುಗಳಿಂದ ನಾನೇ ಸಲಕರಣೆ ಮಾಡಿಕೊಂಡರೆ ಆದೀತೇ? ಬೆಲ್ಜಿಯನ್ ಕ್ಯಾಂಡಿ ಸಕ್ಕರೆಗೆ ಬದಲಾಗಿ ಬೆಲ್ಲ ಹಾಕಬಹುದೇ?

ಉತ್ತರ: ಧಾರಾಳವಾಗಿ ಆಗುತ್ತದೆ. ಅಮೆರಿಕದಲ್ಲಿದ್ದ ವರ್ಷಗಳಲ್ಲಿ ನಾನು ತಯಾರಿಸಿದ ಟ್ರಿಪೆಲ್‌ಗಳೆಲ್ಲ ಇಂಥ ಸಲಕರಣೆಯಿಂದಲೇ ಬಂದವು. ಕಾನೂನಿನ ಅಡ್ಡಿಯೂ ನಿಮಗಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಒಬ್ಬ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಬಹುದು, ಮಾರುವಂತಿಲ್ಲ. ನಾನು ಒತ್ತಿ ಹೇಳಬೇಕಾದುದು ಒಂದೇ: ಪಾತ್ರೆಗಳಲ್ಲಿ ಎಷ್ಟು ಬೇಕಾದರೂ ಹಣ ಉಳಿಸಿ, ಆದರೆ ಯೀಸ್ಟ್, ಥರ್ಮಾಮೀಟರ್ ಮತ್ತು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ಗಳಲ್ಲಿ ಕೈ ಬಿಗಿ ಹಿಡಿಯಬೇಡಿ. ಸಾಧಾರಣ ಬಿಯರ್ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ, ಶೇ. 9ರಷ್ಟು ಆಲ್ಕೋಹಾಲ್ ಇರುವ ಏಲ್ ಸಹಿಸುವುದಿಲ್ಲ.

ಮೊದಲು ಐಸ್ ಬಾಕ್ಸ್. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಬಿಸಿನೀರಿನಲ್ಲಿ ನೆನೆಯುವುದು ಇದರಲ್ಲೇ. 20 ಲೀಟರ್ ಏಲ್‌ಗೆ 6 ಕಿಲೋ ತಿಳಿ ಬಣ್ಣದ ಪಿಲ್ಸ್‌ನರ್ ಮಾಲ್ಟ್ ಮತ್ತು 1 ಕಿಲೋ ಸಕ್ಕರೆ ಸಾಕು. ಆ ಮಾಲ್ಟಿಗೆ 18 ಲೀಟರ್ ನೀರು ಸೇರಿದಾಗ ಸುಮಾರು 22 ಲೀಟರ್ ಜಾಗ ಬೇಕಾಗುವುದರಿಂದ 35ರಿಂದ 40 ಲೀಟರಿನ ಪೆಟ್ಟಿಗೆ ಆರಿಸಿಕೊಳ್ಳಿ. ಅದರ ಕೆಳಗಿನ ನಲ್ಲಿಯನ್ನು ತೆಗೆದು ಒಂದು ಬಾಲ್ ವಾಲ್ವ್ ಕೂರಿಸಿ, ಒಳಬದಿಗೆ ಸ್ಟೀಲ್ ಹೆಣಿಗೆಯ ಜರಡಿ ಜೋಡಿಸಿ. ವಾಷ್ ಬೇಸಿನ್ನಿಗೆ ನೀರು ಕೊಡುವ ಸ್ಟೀಲ್ ಹೆಣಿಗೆಯ ಪೈಪಿನ ಎರಡು ತುದಿ ಕತ್ತರಿಸಿ ಒಳಗಿನ ಪ್ಲಾಸ್ಟಿಕ್ ನಳಿಗೆಯನ್ನು ಎಳೆದು ಹಾಕಿದರೆ ಉಳಿಯುವ ಬಲೆಯೇ ಆ ಜರಡಿ. ನಿಜವಾದ ಸ್ಟೀಲ್ ಹೆಣಿಗೆಯ ಪೈಪನ್ನೇ ಕೊಳ್ಳಿ, ಏಕೆಂದರೆ ಈಗ ಬಹಳಷ್ಟು ಪೈಪುಗಳ ಹೊರ ಹೊದಿಕೆಯೂ ಸ್ಟೀಲಿನ ಬಣ್ಣ ಬಳಿದ ಪ್ಲಾಸ್ಟಿಕ್ ಆಗಿರುತ್ತದೆ. ಜಿಂಕ್ ಲೇಪಿಸಿದ ಪಾತ್ರೆ, ಸೀಸ ಬೆರೆತ ಬೆಸುಗೆ, ತಣ್ಣೀರಿಗಷ್ಟೇ ಯೋಗ್ಯವಾದ ಪಿವಿಸಿ ಪೈಪು, ಇವು ಯಾವುವೂ ಬಿಸಿ ದ್ರವಕ್ಕೆ ತಾಗಕೂಡದು.

71ರಿಂದ 72 ಡಿಗ್ರಿ ಸೆಲ್ಸಿಯಸ್ ನೀರಿಗೆ ಮಾಲ್ಟ್ ಸುರಿದು ಗಂಟಿಲ್ಲದಂತೆ ಕಲಸಿದರೆ ಶಾಖ 64–65ಕ್ಕೆ ಬಂದು ನಿಲ್ಲುತ್ತದೆ. ಪೆಟ್ಟಿಗೆಯನ್ನು ಮೊದಲೇ ಬಿಸಿನೀರು ತುಂಬಿಸಿಟ್ಟು ಬೆಚ್ಚಗೆ ಮಾಡಿರಬೇಕು. ಇದೇ ಶಾಖದಲ್ಲಿ 90 ನಿಮಿಷ ಬಿಡಿ. ಶಾಖ 68–69ಕ್ಕೆ ಏರಿದರೆ ಯೀಸ್ಟ್ ತಿನ್ನಲಾರದ ಸಕ್ಕರೆಗಳು ಹೆಚ್ಚಿ ಏಲ್ ಪಾಯಸದಂತೆ ದಪ್ಪವಾಗುತ್ತದೆ, ಆದರೆ ಟ್ರಿಪೆಲ್‌ನ ಸೊಗಸೆಲ್ಲ ಅಷ್ಟು ಬಲವಿದ್ದೂ ನಾಲಿಗೆಯ ಮೇಲೆ ಹಗುರವಾಗಿ ಒಣಗಿ ಹೋಗುವುದರಲ್ಲಿದೆ. ಮೊದಲ ರಸ ಬಸಿದ ಮೇಲೆ 14 ಲೀಟರ್ ಬಿಸಿನೀರಿನಿಂದ ಮಾಲ್ಟನ್ನು ತೊಳೆದರೆ ಒಟ್ಟು 26 ಲೀಟರ್ ದೊರೆಯುತ್ತದೆ. ಅದನ್ನು ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಜೊತೆಗೆ 90 ನಿಮಿಷ ಮುಚ್ಚಳವಿಲ್ಲದೆ ಕುದಿಸಿ. ಪಿಲ್ಸ್‌ನರ್ ಮಾಲ್ಟಿನಲ್ಲಿ ಬೇಯಿಸಿದ ಜೋಳದಂಥ ವಾಸನೆ ಕೊಡುವ ಒಂದು ಗಂಧಕದ ಸಂಯುಕ್ತ ಹುಟ್ಟುತ್ತದೆ, ಅದು ಆವಿಯಾಗಿ ಹೋಗಲು ಈ ಅವಧಿ ಬೇಕು. ಕುದಿ ಬರುವ ಹೊತ್ತಿಗೆ ಹಾಲಿನಂತೆ ಉಕ್ಕುವುದರಿಂದ ಪಾತ್ರೆಯ ಬಳಿಯಿಂದ ಕದಲಬೇಡಿ, ಗ್ಯಾಸ್ ಒಲೆಯನ್ನು ಮುಚ್ಚಿದ ಗ್ಯಾರೇಜಿನಲ್ಲಿ ಹಚ್ಚಲೇಬೇಡಿ. ತಣಿಸುವುದಕ್ಕೆ 15 ಮೀಟರ್ ತಾಮ್ರದ ಕೊಳವೆಯನ್ನು ದುಂಡನೆಯ ಡಬ್ಬಿಯೊಂದಕ್ಕೆ ಸುತ್ತಿ ಸುರುಳಿ ಮಾಡಿ, ಪಾತ್ರೆಯಲ್ಲಿ ಮುಳುಗಿಸಿ, ಒಳಗೆ ತಣ್ಣೀರು ಹರಿಸಿದರಾಯಿತು.

ಇನ್ನು ಯೀಸ್ಟ್, ಬಹುಪಾಲು ಜನ ಎಡವುವುದು ಇಲ್ಲಿಯೇ. ಇಷ್ಟು ಸಿಹಿಯಾದ 20 ಲೀಟರ್ ರಸಕ್ಕೆ ಸುಮಾರು 30,000 ಕೋಟಿ ಜೀವಕೋಶಗಳು ಬೇಕು. ದ್ರವ ಯೀಸ್ಟಿನ ಒಂದು ಹೊಸ ಪೊಟ್ಟಣದಲ್ಲಿರುವುದು ಸುಮಾರು 10,000 ಕೋಟಿ. ಹಾಗಾಗಿ ಎರಡು ದಿನ ಮೊದಲೇ 2 ಲೀಟರ್ ನೀರಿಗೆ 200 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ ಕುದಿಸಿ, ಆರಿಸಿ, ಅದರಲ್ಲಿ ಯೀಸ್ಟನ್ನು ಬೆಳೆಸಿಕೊಳ್ಳಬೇಕು. ಬಿಡದೆ ಕಲಕುತ್ತಿದ್ದರೆ ಅದು ಚೆನ್ನಾಗಿ ವೃದ್ಧಿಯಾಗುತ್ತದೆ. ಕಲಕುವ ಯಂತ್ರವನ್ನೂ ಮನೆಯಲ್ಲೇ ಮಾಡಬಹುದು: ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನಿನ ನಡುವಿಗೆ ಹಾಳಾದ ಹಾರ್ಡ್ ಡಿಸ್ಕಿನ ಅಯಸ್ಕಾಂತಗಳನ್ನು ಅಂಟಿಸಿ, ಮೇಲೆ ತೆಳುವಾದ ಹಲಗೆಯಿಟ್ಟು, ಗಾಜಿನ ಜಾಡಿಯೊಳಗೆ ಪ್ಲಾಸ್ಟಿಕ್ ಹೊದಿಕೆಯ ಸಣ್ಣ ಅಯಸ್ಕಾಂತದ ಕಡ್ಡಿ ಹಾಕಿದರೆ ಅದು ತಾನೇ ತಿರುಗುತ್ತದೆ. ದ್ರವದ ನಡುವೆ ಸಣ್ಣ ಸುಳಿ ಎದ್ದು, ಕಂದು ರಸ ಮರುದಿನ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದು ಕಂಡರೆ ಯೀಸ್ಟ್ ಬೆಳೆದಿದೆ ಎಂದು ತಿಳಿಯಿರಿ. ಇಷ್ಟಕ್ಕೆ ಅವಕಾಶವಿಲ್ಲದಿದ್ದರೆ 11 ಗ್ರಾಂನ ಎರಡು ಒಣ ಯೀಸ್ಟ್ ಪೊಟ್ಟಣಗಳನ್ನು ಬಳಸಿ.

ಯೀಸ್ಟ್ ಹಾಕುವಾಗ ರಸ 18 ಡಿಗ್ರಿಯಲ್ಲಿರಲಿ. ಮೊದಲ ಎರಡು ದಿನ ಅಲ್ಲಿಯೇ ತಡೆದು, ಬಳಿಕ ವಾರದೊಳಗೆ 23ರವರೆಗೆ ಏರಲು ಬಿಡಿ. ಹುದುಗುವಾಗ ಏಲ್ ತನ್ನಷ್ಟಕ್ಕೆ ಬಿಸಿಯಾಗುವುದರಿಂದ ಡಬ್ಬವನ್ನು ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಬದಲಾಯಿಸುತ್ತಿದ್ದರೆ ಸಾಕು. ಮೊದಲ ದಿನವೇ 27–28ಕ್ಕೆ ಹೋದರೆ ಪೇಂಟ್ ತಿನ್ನರಿನ ವಾಸನೆಯ ಏಲ್ ದೊರೆಯುತ್ತದೆ, ಕಾಲ ಕಳೆದರೂ ಅದು ಸುಧಾರಿಸುವುದಿಲ್ಲ. ಡಬ್ಬಕ್ಕೆ ಅನಿಲವನ್ನು ಹೊರಬಿಡುವ ಸಣ್ಣ ಏರ್‌ಲಾಕ್ ಬೇಡ. ಬೆರಳು ದಪ್ಪದ ಪೈಪು ಹಾಕಿ ಅದರ ಇನ್ನೊಂದು ತುದಿಯನ್ನು ಸೋಂಕುನಾಶಕ ದ್ರವದ ಜಾಡಿಯಲ್ಲಿ ಮುಳುಗಿಸಿಡಿ. ನನ್ನ ಮೊದಲ ಟ್ರಿಪೆಲ್‌ನ ನೊರೆ ಏರ್‌ಲಾಕನ್ನು ಕಟ್ಟಿ, ನಡುರಾತ್ರಿ ಮುಚ್ಚಳ ಸಿಡಿದು, ಗೋಡೆಯಿಂದ ಸೂರಿನವರೆಗೆ ಹಾಪ್ಸ್ ಚೂರುಗಳು ಅಂಟಿದ್ದವು. ಮುಚ್ಚಳವಿಲ್ಲದೆ ಬೆಳಗಿನವರೆಗೆ ನಿಂತ ಆ ಏಲ್ ಹುಳಿಯಾಯಿತು, ಇಪ್ಪತ್ತು ಲೀಟರನ್ನೂ ಚೆಲ್ಲಬೇಕಾಯಿತು.

ಸಕ್ಕರೆಯ ವಿಷಯ. ವೆಸ್ಟ್‌ಮಾಲೆಯಲ್ಲಿ 1934ರಿಂದ ತಯಾರಾಗುತ್ತಿರುವ ಟ್ರಿಪೆಲ್ ಹೊಂಬಣ್ಣದ್ದು, ಶೇ. 9.5ರದ್ದು. ಇಂಥ ಏಲ್‌ಗೆ ಸಕ್ಕರೆ ಹಾಕುವುದು ರುಚಿಗಾಗಿ ಅಲ್ಲ, ಮೈ ತೆಳುವಾಗಿಸಲು. ಆದ್ದರಿಂದ ಅಡುಗೆಮನೆಯ ಬಿಳಿ ಸಕ್ಕರೆ ಸಾಕು. ಅದನ್ನು ಒಡೆಯುವ ಕಿಣ್ವ ಯೀಸ್ಟಿನಲ್ಲೇ ಇರುವುದರಿಂದ ನಿಂಬೆಹುಳಿ ಹಾಕಿ ಕಾಯಿಸುವ ಅಗತ್ಯವೂ ಇಲ್ಲ, ದುಬಾರಿ ಕ್ಯಾಂಡಿ ಸಕ್ಕರೆಯ ಹರಳುಗಳೂ ಬೇಡ. ಮೂರನೆಯ ದಿನ ನೊರೆ ಇಳಿಯತೊಡಗಿದಾಗ ಸ್ವಲ್ಪ ನೀರಿನಲ್ಲಿ ಕುದಿಸಿ, ಆರಿಸಿ ಸೇರಿಸಿ. ಮೊದಲೇ ಸುಲಭದ ತುತ್ತು ಸಿಕ್ಕರೆ ಯೀಸ್ಟ್ ಮಾಲ್ಟಿನ ಸಕ್ಕರೆಯತ್ತ ಸೋಮಾರಿಯಾಗುತ್ತದೆ. ಬೆಲ್ಲದಲ್ಲಿರುವ ಕಾಕಂಬಿಯ ಘಾಟು ಮತ್ತು ಖನಿಜಗಳ ತುಸು ಉಪ್ಪುರುಚಿ ಟ್ರಿಪೆಲ್‌ನಲ್ಲಿ ಎದ್ದು ಕಂಡು ಕೆಡಿಸುತ್ತವೆ. ಡುಬೆಲ್ ಎಂಬ ಕಪ್ಪು ಬಣ್ಣದ ಬೆಲ್ಜಿಯನ್ ಏಲ್ ಮಾಡುವ ದಿನ 250 ಗ್ರಾಂ ಕಪ್ಪು ಬೆಲ್ಲ ಹಾಕಿ ನೋಡಿ. ಬೆಲ್ಜಿಯನ್ ಕ್ಯಾಂಡಿ ಸಿರಪ್ಪಿನ ಒಣದ್ರಾಕ್ಷಿಯಂಥ ರುಚಿ ಬಾರದಿದ್ದರೂ ಅದಕ್ಕೆ ತನ್ನದೇ ಚೆಲುವಿದೆ.

ಪ್ರಶ್ನೆ: ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಬೆಲ್ಜಿಯಂನ ಡುವೆಲ್ ಬಿಯರ್ ಬಗೆಯ ಹೊಂಬಣ್ಣದ ಏಲ್ ಹುದುಗಿಸಿದ್ದೇನೆ. ಸಕ್ಕರೆಯ ಪ್ರಮಾಣ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ 19.5 ಬ್ರಿಕ್ಸ್‌ನಿಂದ ಆರಂಭವಾಗಿ 9ಕ್ಕೆ ಬಂದು ಹತ್ತು ದಿನದಿಂದ ನಿಂತಿದೆ. ಲೆಕ್ಕಕ್ಕೆ ಅದು 1.036 ಸಾಂದ್ರತೆ (ನೀರಿನದು 1.000) ಆಗುತ್ತದೆ. ಹುದುಗುವಿಕೆ ನಿಂತುಹೋಯಿತೇ? ಇನ್ನಷ್ಟು ಯೀಸ್ಟ್ ಹಾಕಲೇ, ಅಥವಾ ಹೀಗೆಯೇ ಬಾಟಲಿಗೆ ತುಂಬಲೇ?

ಉತ್ತರ: ಗಾಬರಿಯಾಗಬೇಡಿ, ನಿಮ್ಮ ಏಲ್ ಬಹುಶಃ ಮುಗಿದೇ ಹೋಗಿದೆ. ರಿಫ್ರಾಕ್ಟೋಮೀಟರ್ ಅಳೆಯುವುದು ಬೆಳಕು ಬಾಗುವ ಪ್ರಮಾಣವನ್ನು, ಆಲ್ಕೋಹಾಲ್ ಕೂಡ ನೀರಿಗಿಂತ ಹೆಚ್ಚು ಬೆಳಕನ್ನು ಬಾಗಿಸುತ್ತದೆ. ಹುದುಗುವ ಮೊದಲು ಅದರ ಮಾತು ನಂಬಬಹುದು, ಆಮೇಲೆ ತಿದ್ದುಪಡಿ ಮಾಡದೆ ನಂಬಬಾರದು. 19.5ರಿಂದ 9ಕ್ಕೆ ಬಂದಿದೆಯೆಂದರೆ ನಿಜವಾದ ಸಾಂದ್ರತೆ ಸುಮಾರು 1.012. ಹೈಡ್ರೋಮೀಟರಿನಲ್ಲಿ ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿ. ಮಾದರಿಯಲ್ಲಿ ಗುಳ್ಳೆಗಳಿದ್ದರೆ ಅವು ಕಡ್ಡಿಯನ್ನು ಮೇಲೆತ್ತುವುದರಿಂದ, ಎರಡು ಲೋಟಗಳ ನಡುವೆ ಕಾಫಿ ಆರಿಸುವಂತೆ ಹುಯ್ದು ಗುಳ್ಳೆ ಹೋದ ಮೇಲೆ ಅಳೆಯಿರಿ, ಆ ಮಾದರಿಯನ್ನು ಡಬ್ಬಕ್ಕೆ ಮರಳಿ ಹಾಕಬೇಡಿ.

ಆದರೂ ನಾಳೆಯೇ ಬಾಟಲಿಗೆ ತುಂಬಬೇಡಿ. ಬೆಲ್ಜಿಯನ್ ಯೀಸ್ಟುಗಳಲ್ಲಿ ಕೆಲವು ಸಾಂದ್ರತೆಯ ಕೊನೆಯ ನಾಲ್ಕೈದು ಅಂಕಗಳನ್ನು (ಒಂದು ಅಂಕವೆಂದರೆ 0.001) ಬಹಳ ನಿಧಾನವಾಗಿ ಇಳಿಸುತ್ತವೆ. ಡಬ್ಬವನ್ನು 24 ಡಿಗ್ರಿಯ ಬೆಚ್ಚನೆಯ ಕೋಣೆಯಲ್ಲಿ ಒಂದು ವಾರ ಇಟ್ಟು, ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗ ಒಂದೇ ಅಂಕಿ ಬಂದರೆ ಮಾತ್ರ ತುಂಬಿ. ಸಾಂದ್ರತೆ ಬಾಟಲಿಯೊಳಗೆ 0.002ರಷ್ಟು ಇಳಿದರೂ ದ್ರವದ ಅಳತೆಯಷ್ಟೇ ಇಂಗಾಲದ ಡೈಆಕ್ಸೈಡ್ ಹೆಚ್ಚುವರಿಯಾಗಿ ಹುಟ್ಟುತ್ತದೆ, 0.006 ಇಳಿದರೆ ಸಾಮಾನ್ಯ ಗಾಜು ಒಡೆದು ಚೂರುಗಳು ಸಿಡಿಯಬಹುದು. ಮಕ್ಕಳು ಓಡಾಡುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಮಾಮೂಲಿ ಕಂದು ಬಾಟಲಿಯಾದರೆ, ನೊರೆಗಾಗಿ ತುಂಬುವಾಗ ಸೇರಿಸುವ ಸಕ್ಕರೆ ಲೀಟರಿಗೆ 6 ಗ್ರಾಂ ಮೀರದಿರಲಿ. ದಪ್ಪ ಗಾಜಿನ ಶಾಂಪೇನ್ ಬಾಟಲಿಗೆ 8 ಗ್ರಾಂ ಹಾಕಬಹುದು, ಗ್ಲಾಸಿನ ಮೇಲೆ ನಿಲ್ಲುವ ಬೆಳ್ಳನೆಯ ಎತ್ತರದ ನೊರೆ ಬರುವುದು ಆಗಲೇ. ಮೂರು ವಾರ ಬೆಚ್ಚಗೆ, ಬಳಿಕ ಎರಡು ತಿಂಗಳು ತಂಪಿನಲ್ಲಿಟ್ಟು ಆಮೇಲೆ ತೆರೆಯಿರಿ.

ಪ್ರಶ್ನೆ: ನಾನು ಮೈಸೂರಿನಲ್ಲಿದ್ದೇನೆ. ಇದನ್ನೆಲ್ಲ ಇಲ್ಲಿ ಮಾಡಬಹುದೇ?

ಉತ್ತರ: ಮಾಡಬಾರದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಸ್ವಂತಕ್ಕೆಂದರೂ ಸರಿಯೇ. ಆದರೆ ಈ ವಿದ್ಯೆಯ ಮೊದಲ ಅರ್ಧವನ್ನು ನೀವು ನೋಡಬಹುದು, ಅದರಲ್ಲಿ ಆಲ್ಕೋಹಾಲೇ ಇಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಮಿಕ್ಸಿಯಲ್ಲಿ ತರಿಯಾಗಿ ಒಡೆದು, ಒಂದು ಪಾಲು ತರಿಗೆ ಮೂರು ಪಾಲು ಬಿಸಿನೀರು ಸೇರಿಸಿ, 65 ಡಿಗ್ರಿಯಲ್ಲಿರುವಂತೆ ಬಾಯಗಲದ ಫ್ಲಾಸ್ಕಿನಲ್ಲಿ ಒಂದೂವರೆ ಗಂಟೆ ಮುಚ್ಚಿಡಿ. ಆಗ ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲಿಟ್ಟು ಟಿಂಕ್ಚರ್ ಅಯೋಡಿನ್ ತಾಗಿಸಿ: ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ, ಅಯೋಡಿನ್ನಿನ ಕಂದು ಬಣ್ಣವೇ ನಿಂತರೆ ಎಲ್ಲವೂ ಸಕ್ಕರೆಯಾಗಿದೆ. ಆ ಹನಿಯನ್ನು ಚೆಲ್ಲಿ, ಫ್ಲಾಸ್ಕಿನಲ್ಲಿರುವುದನ್ನು ಬಟ್ಟೆಯಲ್ಲಿ ಸೋಸಿ, ಒಂದು ಕುದಿ ಕುದಿಸಿ, ಅದೇ ದಿನ ಕುಡಿಯಿರಿ.