ಕ್ಲಿಪರ್ಟನ್ ದ್ವೀಪದಲ್ಲಿ ಈಗ ಯಾರೂ ವಾಸ ಮಾಡುತ್ತಿಲ್ಲ, ಯಾಕೆ?

ಅಲ್ಲಿ ಬದುಕೋದೇ ಕಷ್ಟ. ಮೆಕ್ಸಿಕೋ ತೀರದಿಂದ ಸಾವಿರಕ್ಕೂ ಹೆಚ್ಚು ಕಿ.ಮೀ. ದೂರ, ಪೆಸಿಫಿಕ್ ನಡುವೆ ಇರುವ ಹವಳದ ದ್ವೀಪ ಇದು. ಬಳೆಯ ಹಾಗೆ ನೆಲ, ಒಳಗೆ ಸಮುದ್ರಕ್ಕೆ ದಾರಿಯೇ ಇಲ್ಲದ ಕೆರೆ. ಎತ್ತರದ ಜಾಗ ಅಂದರೆ 29 ಮೀಟರಿನ ಒಂದು ಜ್ವಾಲಾಮುಖಿ ಬಂಡೆ.

20ನೇ ಶತಮಾನದ ಆರಂಭದಲ್ಲಿ ಹಕ್ಕಿ ಹಿಕ್ಕೆಯಿಂದಾದ, ಗೊಬ್ಬರಕ್ಕೆ ಬಳಸುವ ಫಾಸ್ಫೇಟ್ ತೆಗೆಯಲು ಜನ ಬಂದರು. ಮೆಕ್ಸಿಕೋ ಸೈನಿಕರೂ ಹೆಂಡತಿ ಮಕ್ಕಳ ಜೊತೆ ಇದ್ದರು. 1914ರಲ್ಲಿ, ಮೆಕ್ಸಿಕೋ ಕ್ರಾಂತಿಯ ಗದ್ದಲದಲ್ಲಿ, ರೇಷನ್ ಹಡಗು ಬರೋದೇ ನಿಂತಿತು. ಹಣ್ಣು ತರಕಾರಿ ಇಲ್ಲದೆ ಸ್ಕರ್ವಿ ಅನ್ನೋ ಕಾಯಿಲೆ ಬಂದು ಒಬ್ಬೊಬ್ಬರಾಗಿ ಸತ್ತರು. ಸಹಾಯ ತರಲು ದೋಣಿಯಲ್ಲಿ ಹೊರಟ, ಆ ಸೈನಿಕರ ಮುಖ್ಯಸ್ಥ ಕ್ಯಾಪ್ಟನ್ ಆರ್ನೋ ಮುಳುಗಿಹೋದ. 1917ರಲ್ಲಿ ಅಮೆರಿಕದ ಯಾರ್ಕ್‌ಟೌನ್ ಹಡಗು ಬಂದಾಗ ಉಳಿದಿದ್ದವರು 4 ಹೆಂಗಸರು, 7 ಮಕ್ಕಳು ಅಷ್ಟೇ. ಆ ತಾಯಂದಿರ ಗಟ್ಟಿತನ ದೊಡ್ಡದು.

ದ್ವೀಪ ತಮ್ಮದು ಅಂತ ಮೆಕ್ಸಿಕೋ, ಫ್ರಾನ್ಸ್ ಎರಡೂ ವಾದಿಸುತ್ತಿದ್ದವು; 1931ರಲ್ಲಿ ಇಟಲಿಯ ರಾಜನ ತೀರ್ಪಿನಂತೆ ದ್ವೀಪ ಫ್ರಾನ್ಸ್ ಪಾಲಾಯಿತು. ಈಗ ಅಲ್ಲಿ ಏಡಿ, ಕಡಲ ಹಕ್ಕಿಗಳೇ ಜಾಸ್ತಿ.