ಜಾಲರಿ ಚಾಸಿ ಇಲ್ಲದ ಮಾನ್‌ಸ್ಟರ್

ಪ್ರಶ್ನೆ: ಇಟಲಿಯ ಡುಕಾಟಿ ಕಂಪನಿಯ ಮಾನ್‌ಸ್ಟರ್ ಬೈಕ್ ಎಂದೊಡನೆ ಕಣ್ಣಿಗೆ ಕಟ್ಟುವುದು ಉಕ್ಕಿನ ಕೊಳವೆಗಳ ಜಾಲರಿ ಚಾಸಿ, ಅಂದರೆ ಬೈಕಿನ ಚೌಕಟ್ಟು. 2021ರ ಮಾದರಿಯಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಇದನ್ನು ಇನ್ನೂ ಮಾನ್‌ಸ್ಟರ್ ಎನ್ನಬಹುದೇ? ಓಡಿಸುವಾಗ ಏನು ವ್ಯತ್ಯಾಸ?

ಉತ್ತರ: ಖಂಡಿತ ಎನ್ನಬಹುದು. ಏಕೆಂದರೆ ಆ ಜಾಲರಿಯೂ ಮಾನ್‌ಸ್ಟರ್‌ಗೆಂದೇ ಹುಟ್ಟಿದ್ದಲ್ಲ. 1992ರಲ್ಲಿ ಜರ್ಮನಿಯ ಕೊಲೋನ್ ಬೈಕ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಎಂ900, ಅಂದರೆ ಮೊದಲ ಮಾನ್‌ಸ್ಟರ್ ಬೈಕನ್ನು ರೂಪಿಸಿದ ಮಿಗೆಲ್ ಗಲ್ಲುಜಿ ಅವರು ಬೊಲೊನ್ಯಾದ ಡುಕಾಟಿ ಕಾರ್ಖಾನೆಯಲ್ಲಿ ಆಗಲೇ ಇದ್ದ ಭಾಗಗಳನ್ನೇ ಆರಿಸಿಕೊಂಡರು. ಚಾಸಿ ಡುಕಾಟಿಯ ಸೂಪರ್‌ಬೈಕ್ ಕುಟುಂಬದಿಂದ ಬಂತು. ಗಾಳಿ ಮತ್ತು ಆಯಿಲ್‌ನಿಂದ ತಣಿಯುವ 904 ಸಿಸಿ ಎಂಜಿನ್ ಡುಕಾಟಿಯದೇ 900 ಸೂಪರ್‌ಸ್ಪೋರ್ಟ್ ಬೈಕಿನಿಂದ ಬಂತು. ಎಂಜಿನ್ ಮುಚ್ಚುವ ಹೊರಕವಚವಾದ ಫೇರಿಂಗ್ ಕಳಚಿ, ಕಾಡುಕೋಣದ ಬೆನ್ನಿನಂತೆ ಉಬ್ಬಿದ ಟ್ಯಾಂಕ್ ಕೂರಿಸಿ, ಅದರ ಕೆಳಗೆ ಎಂಜಿನ್ ಎದ್ದು ಕಾಣುವಂತೆ ಮಾಡಿದ್ದೇ ಅವರ ಸಾಧನೆ.

2021ರ ಬೈಕ್ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ 937 ಸಿಸಿ ಎಂಜಿನ್ನೇ ಭಾರ ಹೊರುವ ಮುಖ್ಯ ಅಂಗವಾಗಿದ್ದು, ಅದರ ಸಿಲಿಂಡರ್ ಹೆಡ್‌ಗಳಿಗೆ ಕೇವಲ 3 ಕೆಜಿ ತೂಗುವ ಅಲ್ಯೂಮಿನಿಯಂ ಮುಂಚೌಕಟ್ಟನ್ನು ಬೋಲ್ಟ್ ಮಾಡಲಾಗಿದೆ. ಇಡೀ ಬೈಕು ಹಿಂದಿನ ಮಾನ್‌ಸ್ಟರ್ 821ಕ್ಕಿಂತ 18 ಕೆಜಿ ಹಗುರ. ಹ್ಯಾಂಡಲ್ ಎರಡೂ ಬದಿಗೆ ಮೊದಲಿಗಿಂತ 7 ಡಿಗ್ರಿ ಹೆಚ್ಚು ತಿರುಗುವುದರಿಂದ, ಇಕ್ಕಟ್ಟಾದ ಬೀದಿಯಲ್ಲಿ ಯು-ಟರ್ನ್ ಮಾಡುವಾಗ ಕಾಲೂರಿ ಹಿಂದಕ್ಕೆ ತಳ್ಳುವ ಪ್ರಸಂಗ ಕಡಿಮೆಯಾಗುತ್ತದೆ. 111 ಅಶ್ವಶಕ್ತಿಗಿಂತಲೂ, 6,500 ಆರ್‌ಪಿಎಂನಲ್ಲೇ ಸಿಗುವ 93 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಇದರ ನಿಜವಾದ ಬಲವೆಂದು ನಾನು ಭಾವಿಸುತ್ತೇನೆ; ತಿರುವಿನಿಂದ ಹೊರಬರುವಾಗ ಗೇರ್ ಇಳಿಸದೆಯೇ ಥ್ರಾಟಲ್ ತಿರುವಿದರೆ ಬೈಕು ಮುಂದಕ್ಕೆ ಚಿಮ್ಮುತ್ತದೆ. ಜಾಲರಿಯ ಅಂದ ಹೋಯಿತೆಂಬ ಕೊರಗು ನನಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಈ ಬೈಕಿನ ಜೀವಾಳ ಎಂಜಿನ್ನಿನ ಒಳಗಿದೆ. 90 ಡಿಗ್ರಿ ಕೋನದಲ್ಲಿರುವ ಎರಡು ಸಿಲಿಂಡರ್‌ಗಳು ಸಮ ಅಂತರದಲ್ಲಿ ಸಿಡಿಯದೆ, ಪಿಸ್ಟನ್‌ಗಳಿಂದ ತಿರುಗುವ ದಂಡವಾದ ಕ್ರ್ಯಾಂಕ್ 270 ಡಿಗ್ರಿ ತಿರುಗಿದಾಗ ಒಮ್ಮೆ, ಮತ್ತೆ 450 ಡಿಗ್ರಿ ತಿರುಗಿದಾಗ ಇನ್ನೊಮ್ಮೆ ಸಿಡಿಯುತ್ತವೆ. ಆ ಕುಂಟುಲಯದ ಗುಡುಗು ಹುಟ್ಟುವುದು ಅಲ್ಲಿಂದಲೇ. ಡುಕಾಟಿಯ ಎಂಜಿನಿಯರ್ ಫಾಬಿಯೊ ತಾಲಿಯೋನಿ 1956ರಲ್ಲಿ ಡುಕಾಟಿಯ ರೇಸ್ ಬೈಕಿಗೆ ಅಳವಡಿಸಿದ ಡೆಸ್ಮೊ ವ್ಯವಸ್ಥೆಯೂ ಇಲ್ಲಿ ಉಳಿದಿದೆ: ವಾಲ್ವನ್ನು ಮುಚ್ಚುವ ಕೆಲಸವನ್ನು ಸ್ಪ್ರಿಂಗ್‌ಗೆ ಬಿಡದೆ, ಒಂದು ರಾಕರ್ (ಸನ್ನೆತೋಳು) ತೆರೆದರೆ ಇನ್ನೊಂದು ಎಳೆದು ಮುಚ್ಚುತ್ತದೆ. ಹೀಗಾಗಿ ಪ್ರತಿ ವಾಲ್ವಿಗೂ ಎರಡೆರಡು ಕ್ಲಿಯರೆನ್ಸ್, ಅಂದರೆ ಭಾಗಗಳ ನಡುವಿನ ಸಣ್ಣ ಅಂತರ, ಹೊಂದಿಸಬೇಕು. ನೀವು ಕೊಳ್ಳುವ ಯೋಚನೆಯಲ್ಲಿದ್ದರೆ, ಪ್ರತಿ 30,000 ಕಿಲೋಮೀಟರ್‌ಗೆ ಬರುವ ಈ ಕೆಲಸವನ್ನು ಡೆಸ್ಮೊ ಬಲ್ಲ ಮೆಕ್ಯಾನಿಕ್ಕಿನ ಕೈಯಲ್ಲೇ ಮಾಡಿಸಿ.